ಸಾವಿರ ಡಾಲರಿನ ನಲ್ಲಿ, ಎಂಟಾಣೆ ವಾಷರ್

ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಮೆರಿಕದವರಿಗೆ ದಾರಿ ಸಲೀಸಾಗಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದ ಮೇಲೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ತೆರಿಗೆ ಇಲ್ಲ. ಮಾರುವಂತಿಲ್ಲ, ಕುಡಿಯಬೇಕು. ಇಂಥ ಅವಕಾಶವನ್ನು ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದ ಎಂಜಿನಿಯರುಗಳು ಬಿಟ್ಟಾರೆಯೇ?

ಮನೆಗೆ ಹೋದರೆ ಮೊದಲು ಗ್ಯಾರೇಜು ತೋರಿಸುತ್ತಾರೆ. ದೇವರ ಮನೆ ಆಮೇಲೆ. 'ಅಂಗಡಿ ಬಿಯರಿಗೆ ದುಡ್ಡು ಸುರಿಯೋದು ದಂಡ ಸಾರ್' ಎನ್ನುತ್ತಾರೆ. ಹೌದು, ದಂಡವೇ. ಅದಕ್ಕೇ ಹೊಸ ಫ್ರಿಜ್ಜಿಗೆ ತೂತು ಕೊರೆದು ಮಿರಮಿರ ಮಿಂಚುವ ನಲ್ಲಿ ಕೂರಿಸಿದ್ದಾರೆ. ಒಳಗೆ 19 ಲೀಟರಿನ ಸ್ಟೀಲ್ ಕೆಗ್ಗುಗಳು. ಒಂದು ಕಾಲದಲ್ಲಿ ಸೋಡಾ ಕಂಪನಿಗಳು ಸಿರಪ್ ಸಾಗಿಸುತ್ತಿದ್ದ ಜಾತಿಯವು. ಪಕ್ಕದಲ್ಲಿ ಐದು ಪೌಂಡಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು. ಒಟ್ಟು ಖರ್ಚು ಸಾವಿರ ಡಾಲರಿನ ಮೇಲೆ. ಇದರ ಹೆಸರು ಉಳಿತಾಯ.

ಆ ಸಿಲಿಂಡರು ಲೆಕ್ಕಪ್ರಕಾರ ಹತ್ತು ಕೆಗ್ಗಿಗೆ ಸಾಲಬೇಕು. ಇವರಿಗೆ ಎರಡಕ್ಕೇ ಮುಗಿಯುತ್ತದೆ. ಆಗ ಶುರುವಾಗುತ್ತದೆ ದೋಷಾರೋಪಣೆ. ಗ್ಯಾಸ್ ತುಂಬಿಸಿದವನು ಕಳ್ಳ. ರೆಗ್ಯುಲೇಟರ್ ಮಾಡಿದ ದೇಶ ಸರಿಯಿಲ್ಲ. 'ನಿನ್ನೆ ರಾತ್ರಿವರೆಗೂ ಮುಳ್ಳು ಫುಲ್ ತೋರಿಸ್ತಿತ್ತು ಸಾರ್!'

ತೋರಿಸದೆ ಏನು ಮಾಡುತ್ತದೆ? ಒಳಗಿರುವುದು ದ್ರವ. ಕೊನೆಯ ತೊಟ್ಟು ದ್ರವ ಇರುವವರೆಗೂ ಸಾಮಾನ್ಯ ಉಷ್ಣತೆಯಲ್ಲಿ ಆ ಮುಳ್ಳು 850 ಪಿ.ಎಸ್.ಐ. ಆಸುಪಾಸಿನಲ್ಲೇ ನಿಂತಿರುತ್ತದೆ. ಅರ್ಧ ಸೋರಿ ಹೋಗಿದ್ದರೂ ಸೊಗಸಾಗಿ ಸುಳ್ಳು ಹೇಳುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ತಕ್ಕಡಿ ಬೇಕು. ತಕ್ಕಡಿಗೆ ಬ್ಲೂಟೂತ್ ಇಲ್ಲ. ಹಾಗಾಗಿ ಅದು ಇವರ ಮನೆಯಲ್ಲೂ ಇಲ್ಲ.

ಹೊಸ ರೆಗ್ಯುಲೇಟರ್ ಬರುತ್ತದೆ. ಹೊಸ ಪೈಪು ಬರುತ್ತದೆ. ಗ್ಯಾಸು ಹೋಗುತ್ತಲೇ ಇರುತ್ತದೆ.

ಆಮೇಲೆ ಬರುತ್ತದೆ ಬಿಳಿ ಟೇಪು. ಕಂಡ ಕಂಡ ತಿರುಪಿನ ಮರೆಗೆಲ್ಲ ಸುತ್ತುತ್ತಾರೆ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ಜೋಡಣೆಯಲ್ಲಿ ಗ್ಯಾಸು ತಡೆಯುವುದು ಮರೆ ಅಲ್ಲ, ಒಳಗೆ ಕೂತ ಚಪ್ಪಟೆ ವಾಷರ್. ಅದು ಸವೆದಿದ್ದರೆ ಮರೆಗೆ ರೇಷ್ಮೆ ಶಾಲು ಹೊದಿಸಿದರೂ ಅಷ್ಟೇ. ಕೆಗ್ಗಿನ ಮುಚ್ಚಳಕ್ಕೊಂದು ದೊಡ್ಡ ರಬ್ಬರ್ ಉಂಗುರ, ಗ್ಯಾಸ್ ಒಳಹೋಗುವ ಬಾಯಿಗೊಂದು, ಅದರೊಳಗಿನ ಗಿಡ್ಡ ಕೊಳವೆಗೆ ಇನ್ನೊಂದು ಸಣ್ಣದು. ಆ ಸಣ್ಣದನ್ನು ಯಾರೂ ನೋಡುವುದಿಲ್ಲ. ಕಳ್ಳ ಇರುವುದು ಬಹಳ ಸಲ ಅಲ್ಲೇ.

ಹುಡುಕುವುದು ಹೇಗೆ? ಸಾಬೂನಿನ ನೊರೆ. ಗುಳ್ಳೆ ಎದ್ದಲ್ಲಿ ಸೋರಿಕೆ. ಅವಸರ ಮಾಡಬಾರದು, ಸಣ್ಣ ಸೋರಿಕೆಗೆ ಗುಳ್ಳೆ ಏಳಲು ನಿಮಿಷಗಳೇ ಬೇಕು. ಕೆಗ್ಗುಗಳನ್ನು ಕಳಚಿಟ್ಟು, ಪೈಪಿಗೆ ಒತ್ತಡ ತುಂಬಿ, ಸಿಲಿಂಡರಿನ ವಾಲ್ವ್ ಮುಚ್ಚಿ ರಾತ್ರಿಯಿಡೀ ಬಿಟ್ಟರಾಯಿತು. ಬೆಳಿಗ್ಗೆ ಒತ್ತಡ ಹಾಗೇ ಇದ್ದರೆ ಪೈಪು ನಿರ್ದೋಷಿ, ತಪ್ಪು ಕೆಗ್ಗಿನದು. ಆದರೆ ಇವರು ಈ ಪರೀಕ್ಷೆಯನ್ನು ಆಗಷ್ಟೇ ತುಂಬಿಸಿದ ಬಿಯರಿನ ಕೆಗ್ಗು ಜೋಡಿಸಿಯೇ ಮಾಡುತ್ತಾರೆ. ಆ ಬಿಯರು ಗ್ಯಾಸನ್ನು ಹೀರಿಕೊಳ್ಳುತ್ತದೆ. ಅದನ್ನು ಕೂರಿಸಿರುವುದೇ ಅದಕ್ಕೆ. ಒತ್ತಡ ಇಳಿಯುತ್ತದೆ. 'ನೋಡಿದ್ರಾ, ಲೀಕು!' ಮತ್ತೊಂದು ರೆಗ್ಯುಲೇಟರ್ ಆರ್ಡರ್.

ಇವರ ತಾಯಿ ದಾವಣಗೆರೆಯಲ್ಲಿದ್ದಾರೆ. ಎಂಜಿನಿಯರಿಂಗ್ ಓದಿಲ್ಲ. ಅಡುಗೆ ಸಿಲಿಂಡರು ಬಂದಾಗ ಬಾಯಿಗೆ ನೊರೆ ಹಚ್ಚಿ ನೋಡಿ, 'ವಾಷರ್ ಹೋಗೇತಿ, ಬದಲಾಯಿಸಿ ಕೊಟ್ಟು ಹೋಗಪ್ಪಾ' ಎಂದು ತಂದವನನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಾರೆ. ಮಗ ಕೇಳಿದರೆ ಹೇಳಿಕೊಟ್ಟಾರು. ಕೇಳುವ ಹಾಗಿಲ್ಲ. ತಾಯಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗಲೆಲ್ಲ ಆ ಫ್ರಿಜ್ಜಿನ ಮೇಲೆ ಬೆಡ್‌ಶೀಟು ಹೊದಿಸಿರುತ್ತದೆ.

ಇನ್ನು ಪರಿಸರಪ್ರೇಮ. ಕಾರು ಎಲೆಕ್ಟ್ರಿಕ್. ಸೂರಿನ ಮೇಲೆ ಸೋಲಾರ್. ಊಟಕ್ಕೆ ಕೂತರೆ ಇಂಗಾಲದ ಹೆಜ್ಜೆಗುರುತಿನ ಪ್ರವಚನ. ಹಿಂದೆ ಗ್ಯಾರೇಜಿನಲ್ಲಿ ಇಂಗಾಲದ ಡೈಆಕ್ಸೈಡೇ ಬುಸುಗುಟ್ಟುತ್ತಿರುತ್ತದೆ. ಭೂಮಿಗೇನೂ ಆಗುವುದಿಲ್ಲ ಬಿಡಿ. ಒಂದು ಗ್ಯಾಲನ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಇಂಥ ನಾಲ್ಕು ಸಿಲಿಂಡರಿನಷ್ಟು ಹೊಗೆ. ವಿಮಾನದಲ್ಲಿ ವರ್ಷಕ್ಕೊಮ್ಮೆ ಬೆಂಗಳೂರಿಗೆ ಬಂದು ಹೋಗುವವರು ಇದಕ್ಕೆ ಅಳಬೇಕಿಲ್ಲ.

ಅಳಬೇಕಾದ್ದು ಬೇರೆ. ಐದು ಪೌಂಡು ಪೂರ್ತಿ ಸೋರಿದರೆ 1,200 ಲೀಟರಿಗೂ ಮಿಕ್ಕಿದ ಅನಿಲ. ಹತ್ತಡಿಗೆ ಹತ್ತಡಿಯ, ಗಾಳಿಯಾಡದ ಕೋಣೆಯಲ್ಲಿ ಅದು ಒಮ್ಮೆಗೇ ತುಂಬಿಕೊಂಡರೆ ಗಾಳಿಯ ನೂರು ಪಾಲಿನಲ್ಲಿ ಹೆಚ್ಚುಕಡಿಮೆ ಐದು ಪಾಲು. ಅಮೆರಿಕದ ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಸರಾಸರಿಗೆ ಇಟ್ಟಿರುವ ಮಿತಿ ಅರ್ಧ ಪಾಲು. ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಅಡುಗೆ ಅನಿಲಕ್ಕೆ ನಾರುವ ರಾಸಾಯನಿಕ ಬೆರೆಸಿರುತ್ತಾರೆ; ಇದಕ್ಕೆ ವಾಸನೆಯೇ ಇಲ್ಲ. ಇಷ್ಟಾದರೂ ಫ್ರಿಜ್ಜನ್ನು ಗ್ಯಾರೇಜಿನಿಂದ ನೆಲಮಾಳಿಗೆಗೆ ಇಳಿಸುವ ಯೋಜನೆ ನಡೆದಿದೆ. ಅಲ್ಲಿ ತಂಪಂತೆ.

ಹೇಳಿದರೆ ಗೋಡೆ ತೋರಿಸುತ್ತಾರೆ. 'ಅಲಾರಂ ಇದೆ ಸಾರ್.' ಇದೆ. ಅದು ಕಾರ್ಬನ್ ಮಾನಾಕ್ಸೈಡಿನ ಅಲಾರಂ. ಡೈಆಕ್ಸೈಡು ಎಷ್ಟೇ ತುಂಬಿದರೂ ಅದು ತೆಪ್ಪಗೆ ಹಸಿರು ದೀಪ ಮಿಟುಕಿಸುತ್ತಿರುತ್ತದೆ. ಹೆಸರಿನ ಕೊನೆಯ ಪದವನ್ನು ಓದಬೇಕಿತ್ತು. ಪಾಪ, ಡಾಕ್ಟರೇಟ್ ರಸಾಯನಶಾಸ್ತ್ರದಲ್ಲಿ ಅಲ್ಲವಲ್ಲ.

ಬಿಯರಿಗೆ ಗ್ಯಾಸು ಕೂತ ಮೇಲೆ, ಸುರಿಯದಿರುವಾಗ ಸಿಲಿಂಡರಿನ ವಾಲ್ವನ್ನು ತಿರುಗಿಸಿ ಮುಚ್ಚಿಟ್ಟರೂ ನಡೆಯುತ್ತದೆ. ಸೋರಿದರೆ ಪೈಪಿನಲ್ಲಿದ್ದಷ್ಟು, ಕೆಗ್ಗಿನಲ್ಲಿದ್ದಷ್ಟು ಸೋರುತ್ತದೆ, ಸಿಲಿಂಡರು ಉಳಿಯುತ್ತದೆ. ಅದಕ್ಕೆ ಆ್ಯಪ್ ಬೇಡ, ವೈಫೈ ಬೇಡ, ಎರಡು ಬೆರಳು ಸಾಕು. ಹಾಗಾಗಿಯೇ ಯಾರೂ ಮುಚ್ಚುವುದಿಲ್ಲ.