ಉತ್ತರನ ಪೌರುಷ, ಅಮ್ಮನ ಥರ್ಮಾಕೋಲು

"ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡಬೇಕು. ಪುರಾಣದ ಒಂದು ಪಾತ್ರ."

"ರಾತ್ರಿ ಒಂಬತ್ತಕ್ಕಾ ಹೇಳೋದು? ರಾವಣನ್ನ ಮಾಡು."

"ಹತ್ತು ತಲೆ ಕತ್ತರಿಸೋಷ್ಟರಲ್ಲಿ ನಿಂಗೆ ಬೆಳಗಾಗತ್ತೆ."

"ನಂಗಾ? ಸರಿ, ಕುಂಭಕರ್ಣ?"

"ಆರು ತಿಂಗಳು ನಿದ್ದೆ! ನಿನ್ನದೇ ಕಥೆ ಬರ್ಕೊಂಡು ಬಂದ್ಯಾ ಅಂತಾರೆ ಮಿಸ್ಸು."

"ಏಕಲವ್ಯ?"

"ಬೇಡಮ್ಮ. ಫೀಸಿನ ಜೊತೆ ಹೆಬ್ಬೆರಳನ್ನೂ ಕೇಳಬಹುದು ಅಂತ ನಮ್ಮ ಸ್ಕೂಲಿಗೆ ಗೊತ್ತಾಗಬಾರದು."

"ಹಾಗಾದ್ರೆ ಉತ್ತರಕುಮಾರ. ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದವನು. ಗೆದ್ದದ್ದು ಬೃಹನ್ನಳೆ ವೇಷದ ಅರ್ಜುನ. ವಿರಾಟರಾಯ ಹೊಗಳಿದ್ದು ಮಗನನ್ನ."

"ಇವನೇ ಸರಿ! ನೀನು ಥರ್ಮಾಕೋಲು ಕತ್ತರಿಸಿ, ಅಂಟಿಸಿ, ಬಣ್ಣ ಬಳಿ. ಹೆಸರು, ರೋಲ್ ನಂಬರು ನಾನು ಬರೀತೀನಿ."

"ನಿಮ್ಮಪ್ಪ ಏನ್ಮಾಡ್ತಾರಂತೆ?"

"ಆಗಲೇ ಸ್ಟೇಟಸ್ ಹಾಕಿದಾರೆ: 'ನನ್ನ ಮಗನ ಕೈಚಳಕ!'"