ಡಯಟ್ ಮಾಸ್ತರ

‘ನಾ ಈಗ ಡಯಟ್‌ನ್ಯಾಗ ಅದೀನ್ರಿ’ ಎಂದು ಅವರು ಮೊದಲ ಸಲ ಹೇಳಿದಾಗ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಎದ್ದು ಬಂದು ಕೈ ಕುಲುಕಿದರು. ‘ಆರ್ಡರ್ ಯಾವಾಗ ಬಂತ್ರಿ ಸರ? ಒಂದ್ ಮಾತ್ ಹೇಳ್ಲಿಲ್ಲಲ್ಲ!’ ಶಿಕ್ಷಕರ ಪಾಲಿಗೆ ಡಯಟ್ ಎಂದರೆ ವಿಜಯಪುರದಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಅಲ್ಲಿಗೆ ಹೋದವರಿಗೆ ಬಿಸಿಯೂಟದ ಅಕ್ಕಿ ಲೆಕ್ಕ ಇರುವುದಿಲ್ಲ, ಮೊಟ್ಟೆ ಎಣಿಸುವ ಕೆಲಸ ಇರುವುದಿಲ್ಲ. ಮಾಸ್ತರರು ಅಂಗಿಯ ಮೂರನೇ ಗುಂಡಿಯ ಕೆಳಗೆ ಕೈಯಾಡಿಸಿ, ‘ಆ ಡಯಟ್ ಅಲ್ರಿ, ಇದು’ ಎಂದು ಹೊಟ್ಟೆ ತೋರಿಸಿದರು. ಕುಲುಕುತ್ತಿದ್ದ ಕೈಗಳು ಸುಮ್ಮನೆ ಹಿಂದೆ ಸರಿದವು. ಅಂದಿನಿಂದ ಅವರ ಹೆಸರು ಡಯಟ್ ಮಾಸ್ತರ.

ಇಂಥವರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಜಿಲ್ಲೆಯ ಯಾವ ತಾಲೂಕು ಊರಿನಲ್ಲಾದರೂ ಬೆಳಗಿನ ಆರಕ್ಕೆ ಕಾಲೇಜು ಮೈದಾನಕ್ಕೆ ಹೋಗಿ ನಿಂತರೆ ಹೊಸ ಬೂಟು, ಹಳೆ ಬನಿಯನ್ನು, ಕಿವಿಗೆ ಮಫ್ಲರು ಸುತ್ತಿಕೊಂಡು ಎದುರಿಗೇ ಬರುತ್ತಾರೆ. ನಮ್ಮ ಮಾಸ್ತರರ ಮನೆ ಇರುವುದು ಇಂಡಿಯಲ್ಲಿ. ಮೊದಲ ನೌಕರಿ ಮುದ್ದೇಬಿಹಾಳದಲ್ಲಿ, ಹೆಂಡತಿಯ ತವರು ಬಸವನಬಾಗೇವಾಡಿ, ಮಗಳನ್ನು ಕೊಟ್ಟದ್ದು ಸಿಂದಗಿಗೆ. ಹೀಗಾಗಿ ಅವರ ಡಯಟ್ಟಿಗೆ ನಾಲ್ಕು ತಾಲೂಕುಗಳು ಅಡ್ಡ ಬರುತ್ತವೆ. ವಯಸ್ಸು 54, ಎತ್ತರ ಐದಡಿ ಆರಿಂಚು, ತೂಕ ಕ್ವಿಂಟಲ್ಲಿಗೆ ಎಂಟು ಕಿಲೋ ಕಡಿಮೆ.

ಶುರುವಾದದ್ದು ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದಿಂದ. ಕಾಲೇಜು ಬಿಟ್ಟು ವರ್ಷವೂ ಆಗಿರದ ಡಾಕ್ಟರೊಬ್ಬ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ, ‘ಬಿಎಂಐ 32 ದಾಟೇದ್ರಿ ಸರ್’ ಎಂದ. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂಬುದು ಲೆಕ್ಕ. ಈ ಭಾಗಾಕಾರವನ್ನು 1830ರ ದಶಕದಲ್ಲಿ ಹಾಕಿಕೊಟ್ಟವನು ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ. ಅವನು ಡಾಕ್ಟರನಲ್ಲ, ಗಣಿತದವನು. ನಮ್ಮ ಮಾಸ್ತರರೂ ಗಣಿತದವರೇ. ಆದ್ದರಿಂದ ಉತ್ತರ ನೋಡಿ ಅಂಜಲಿಲ್ಲ, ಛೇದದಲ್ಲಿ ತಪ್ಪು ಹುಡುಕಿದರು. ‘ಎತ್ತರ ಅಳಿಯೂ ಮುಂದ ಬೂಟು ಬಿಚ್ಚಿಸಿದ್ರಿ, ತೂಕ ನೋಡೂ ಮುಂದ ಹಾಕಿಸಿದ್ರಿ. ಹಿಂಗಾದ್ರ ಯಾವ ಲೆಕ್ಕ ಬರೋಬ್ಬರಿ ಆಗ್ತದ?’ ಡಾಕ್ಟರು ವಾದಕ್ಕೆ ಹೋಗದೆ ಟೇಪು ತೆಗೆದ. ಗಂಡಸರ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು. ಮಾಸ್ತರರದು ಮೂರಂಕಿ. ಅವರು ಉಸಿರು ಒಳಗೆಳೆದುಕೊಂಡರು. ಡಾಕ್ಟರು ಟೇಪು ಹಿಡಿದುಕೊಂಡೇ ಅವರು ಉಸಿರು ಬಿಡುವುದನ್ನು ಕಾಯುತ್ತ ನಿಂತ.

ತೂಕ ಇಳಿಸುವವನಿಗೆ ಇಳಿಸುವುದಕ್ಕಿಂತ ಸಾರುವುದು ಮುಖ್ಯ. ಇದು ನಮ್ಮಲ್ಲಿ ಹುಟ್ಟಿದ ಚಾಳಿಯಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ಸುಮಾರು 20 ಕಿಲೋ ಇಳಿದ ಮೇಲೆ ತಡೆಯಲಾರದೆ ಒಂದು ಕಿರುಹೊತ್ತಿಗೆಯನ್ನೇ ಅಚ್ಚು ಹಾಕಿಸಿದ. ಆತನ ಮನೆತನದ ಕಸುಬು ಶವಸಂಸ್ಕಾರದ ವ್ಯವಸ್ಥೆ. ಗಿರಾಕಿ ಕಡಿಮೆಯಾಗುವ ಪುಸ್ತಕವನ್ನು ಕೈಯಾರೆ ಬರೆದ ಪುಣ್ಯಾತ್ಮ. ಆದರೆ ಬ್ಯಾಂಟಿಂಗ್ ಇಳಿದ ಮೇಲೆ ಬರೆದ. ಮಾಸ್ತರರು ಇಳಿಯುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು.

ಬೆಳಗಿನ ಮೊದಲ ಪೂಜೆ ಲಿಂಬೆಗೆ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಬಂದಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇದೇ ಊರಲ್ಲಿ. ಇಂಥ ಊರಲ್ಲಿದ್ದು ಬಿಸಿನೀರಿಗೆ ಲಿಂಬೆ ಹಿಂಡದಿದ್ದರೆ ಊರಿನ ಮರ್ಯಾದೆ ಏನಾಗಬೇಕು? ಹಿಂಡಿದ ಮೇಲೆ ಹುಳಿ ಹೆಚ್ಚಾಯಿತೆಂದು ಜೇನುತುಪ್ಪ; ಜೇನುತುಪ್ಪ ಒಂದು ಚಮಚ ಹಾಕಿದರೆ ತಳಕ್ಕೇ ಕೂರುತ್ತದೆಂದು ಇನ್ನೊಂದು. ಲಿಂಬೆಯಲ್ಲಿ ಸಿ ಜೀವಸತ್ವವಿದೆ, ಕೊಬ್ಬು ಕರಗಿಸುವ ಗುಣ ಮಾತ್ರ ಅದಕ್ಕೆ ಯಾವ ಮಂಡಳಿಯೂ ಕೊಟ್ಟಿಲ್ಲ. ಜೇನಿಗೆ ದೊಡ್ಡ ಚಮಚವೊಂದಕ್ಕೆ 60 ಕ್ಯಾಲರಿ. ಎಂಬತ್ತು ದಾಟಿದ ಅವ್ವನಿಗೆ ಈ ಲಿಂಬೆಯ ಲೆಕ್ಕ ಬೇರೆಯೇ ತಿಳಿದಿತ್ತು. ಮಗನ ಮೈಕಟ್ಟಿಗೆ ಯಾರದೋ ದೃಷ್ಟಿ ತಾಗಿದೆ, ಅದಕ್ಕೇ ದಿನಾ ಲಿಂಬಿಹಣ್ಣು ಕೊಯ್ಯುತ್ತಾನೆ ಎಂದುಕೊಂಡು ಜೊತೆಗಿರಲೆಂದು ನಾಲ್ಕು ಹಸಿಮೆಣಸಿನಕಾಯಿ ತಂದಿಟ್ಟಳು.

ಸಿಂದಗಿಯ ಅಳಿಯ ಓಟ್ಸ್ ಡಬ್ಬಿ ತಂದುಕೊಟ್ಟ. ನೂರು ಗ್ರಾಂ ಓಟ್ಸಿನಲ್ಲಿ ನಾರು ಹತ್ತು ಗ್ರಾಂ ಆಸುಪಾಸು. ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲಗಳಲ್ಲಿರುವ ಮಾಲದಂಡಿ ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದಾಗ ಶಾಲೆಯಲ್ಲಿ ಇದನ್ನೇ ಮುಕ್ಕಾಲು ತಾಸು ಭಾಷಣ ಮಾಡಿದವರು ಮಾಸ್ತರರು. ಆದರೆ ಜೋಳ ತಿಂದು ತೂಕ ಇಳಿದರೆ ಅದರಲ್ಲಿ ಹೇಳಿಕೊಳ್ಳುವುದೇನಿದೆ? ಹಾಲಿನಲ್ಲಿ ಬೇಯಿಸಿದ ಓಟ್ಸನ್ನು ಅವ್ವ ಬೆರಳಿಂದ ಮುಟ್ಟಿ ನೋಡಿ, ‘ಈದ ಎಮ್ಮಿಗಿ ಇಡೂ ಅಂಬಲಿ ಕಂಡಂಗ ಕಾಣ್ತದ’ ಎಂದಳು. ಮಾಸ್ತರರು ಬಟ್ಟಲು ಮುಗಿಸಿ ಹತ್ತು ನಿಮಿಷ ಬಿಟ್ಟು ಊಟಕ್ಕೆ ಕುಳಿತರು. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅದರ ಮೇಲೆ ಕೆನೆಮೊಸರು. ಹೆಂಡತಿ ಕಣ್ಣರಳಿಸಿದರೆ, ‘ಓಟ್ಸ್ ಅಂದ್ರ ಔಷಧ. ಔಷಧ ತಗೊಂಡ ಮ್ಯಾಲ ಊಟ ಬಿಡಬಾರದು’ ಎಂದರು.

ಎಣ್ಣೆಗಾಯಿಯ ವಿಷಯದಲ್ಲಿ ಒಂದು ಮಾತು. ಬದನೆಕಾಯಿಯಲ್ಲಿ ಇರುವುದು ಬಹುಪಾಲು ನೀರು, ಬಡಪಾಯಿ ಕಾಯಿ ಅದು. ಹೊಟ್ಟೆ ಸೀಳಿ ತುಂಬುವ ಶೇಂಗಾ ಪುಡಿ ನೂರು ಗ್ರಾಮಿಗೆ 560ರಷ್ಟು ಕ್ಯಾಲರಿ ಹೊತ್ತಿರುತ್ತದೆ. ಮೇಲೆ ತೇಲುವ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಮಾಸ್ತರರ ಡೈರಿಯಲ್ಲಿ ಇದೆಲ್ಲ ‘ಕಾಯಿಪಲ್ಲೆ’ ಎಂಬ ಒಂದೇ ಕಾಲಮ್ಮಿನಲ್ಲಿ ದಾಖಲಾಗುತ್ತಿತ್ತು.

ಇನ್ನು ನಡಿಗೆ. ದಿನಕ್ಕೆ 10,000 ಹೆಜ್ಜೆ ಎಂಬ ಮಂತ್ರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟು ಮಾರಿತು. ಮಾಸ್ತರರ ಮೊಬೈಲು ಈ ಗಡಿಯನ್ನು ತಪ್ಪದೆ ದಾಟುತ್ತಿತ್ತು. ಹೆಂಡತಿಗೆ ಅನುಮಾನ ಬಂದದ್ದು ಜೋರು ಮಳೆ ಸುರಿದ ದಿನ. ಯಜಮಾನರು ಹಾಸಿಗೆಯಲ್ಲಿದ್ದಾರೆ, ಗುಂಪಿಗೆ ಬಂದ ಫೋಟೋದಲ್ಲಿ 11,240 ಹೆಜ್ಜೆ. ಹುಡುಕಿದರೆ ಮೊಬೈಲು ಪಡಸಾಲೆಯಲ್ಲಿ ಗಿರಕಿ ಹೊಡೆಯುತ್ತಿದ್ದ ಮೊಮ್ಮಗನ ಚಡ್ಡಿ ಕಿಸೆಯಲ್ಲಿತ್ತು. ನಿಜವಾಗಿ ನಡೆದ ದಿನಗಳೂ ಉಂಟು, ಸುಳ್ಳು ಹೇಳಬಾರದು. ಅವರ ಗಾತ್ರದವರು ಐದು ಕಿಲೋಮೀಟರು ನಡೆದರೆ ಸುಮಾರು 300 ಕ್ಯಾಲರಿ ಉರಿಯುತ್ತದೆ. ಮೈದಾನದ ಗೇಟಿನೆದುರು ಬಂಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಾರೆ. ಒಂದು ಪ್ಲೇಟು ಭಜಿ, ಹಿಂದೆ ಒಂದು ಚಾ; ನಡೆದದ್ದು ಅಲ್ಲೇ ಜಮಾ-ಖರ್ಚು ಸರಿ.

ಸೋಮವಾರ ಉಪವಾಸ. ವಾರ ಹಿಡಿದಂತೆಯೂ ಆಯಿತು, ತೂಕ ಇಳಿದಂತೆಯೂ ಆಯಿತು ಎಂದು ಮಾಸ್ತರರೇ ಆರಿಸಿಕೊಂಡ ದಿನ. ಗಡಿಯಾಚೆಯ ಸೊಲ್ಲಾಪುರದ ಗಾಳಿ ಬೀಸುವ ಇಂಡಿಯಲ್ಲಿ ಉಪವಾಸ ಎಂದರೆ ಸಾಬೂದಾನಿ ಖಿಚಡಿ. ಸಾಬೂದಾನಿ ಎಂದರೆ ಬಹುತೇಕ ಬರೀ ಪಿಷ್ಟ, ನೂರು ಗ್ರಾಮಿಗೆ 350ರಷ್ಟು ಕ್ಯಾಲರಿ. ಅದಕ್ಕೆ ಹುರಿದ ಶೇಂಗಾ, ತುಪ್ಪ, ಆಲೂಗಡ್ಡೆ. ನಡುನಡುವೆ ನಾಲ್ಕು ಬಾಳೆಹಣ್ಣು, ರಾತ್ರಿ ಫರಾಳದ ಲಾಡು. ‘ಉಳದ ಆರ್ ದಿನಾ ತಿಂದ್ರೂ ಪರವಾಗಿಲ್ರಿ, ಆ ಒಂದಿನ ಉಪಾಸ ಬಿಟ್ಟಬಿಡ್ರಿ’ ಎಂದು ಹೆಂಡತಿ ಕೈ ಮುಗಿದದ್ದುಂಟು.

ಬೀಗರ ಮನೆಯ ಕಥೆ ಇನ್ನೂ ಬಿಗಿ. ಸಿಂದಗಿಗೆ ಹೊರಡುವಾಗಲೇ ಮಾಸ್ತರರು ಬಸ್ಸಿನಲ್ಲಿ ಪ್ರತಿಜ್ಞೆ ಮಾಡಿರುತ್ತಾರೆ, ಎರಡು ರೊಟ್ಟಿಗಿಂತ ಮೇಲೆ ಮುಟ್ಟುವುದಿಲ್ಲ. ಅಲ್ಲಿ ಬಡಿಸುವಾಕೆಗೂ ಒಂದು ಪ್ರತಿಜ್ಞೆ ಇರುತ್ತದೆ. ಮೂರನೆಯದಕ್ಕೆ ಇವರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಆಕೆ ಬೆರಳುಗಳ ಸಂದಿನಿಂದ ಶೇಂಗಾ ಹೋಳಿಗೆ ಇಳಿಬಿಟ್ಟಳು, ಮೇಲೆ ತುಪ್ಪ ಹೊಯ್ದಳು. ತುಪ್ಪ ಮೊಣಕೈತನಕ ಹರಿಯಿತು. ‘ಬ್ಯಾಡ್ರಿ, ಡಯಟ್ ಅದ’ ಎಂದರೆ ಬೀಗರು ಊಟ ನಿಲ್ಲಿಸಿ, ‘ನಮ್ಮನಿ ಅಡಗಿ ಸೇರಲಿಲ್ಲೇನ್ರಿ?’ ಎಂದರು. ಹೆಣ್ಣು ಕೊಟ್ಟ ತಂದೆಗೆ ಈ ಪ್ರಶ್ನೆಯನ್ನು ಎದುರಿಸುವ ಧೈರ್ಯ ಎಲ್ಲಿಂದ ಬರಬೇಕು? ಒಂದು ರಾಜಿಸೂತ್ರ ಅಲ್ಲೇ ಹೊಳೆಯಿತು: ಅರ್ಧ ಹಾಕಿರಿ. ಅಂದು ಮಧ್ಯಾಹ್ನ ಮಾಸ್ತರರು ಏಳು ಅರ್ಧ ಹೋಳಿಗೆ ತಿಂದು, ಡೈರಿಯಲ್ಲಿ ‘ಅರ್ಧ’ ಎಂದು ಬರೆದುಕೊಂಡರು.

ಇದನ್ನೆಲ್ಲ ಸರಿಯಾಗಿ ಅರ್ಥ ಮಾಡಿಕೊಂಡವರು ಅವರ ಹೆಂಡತಿ. ಆಕೆಯ ತವರಿನವರಿಗೆ ಕೃಷ್ಣೆಯ ಆಲಮಟ್ಟಿ ಆಣೆಕಟ್ಟೆ ಹತ್ತಿರ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 519.60 ಮೀಟರು ಎಂಬುದು ಆ ಕಡೆಯ ಸಣ್ಣ ಹುಡುಗರಿಗೂ ಬಾಯಿಪಾಠ. ಒಳಹರಿವು ಹೊರಹರಿವಿಗಿಂತ ಹೆಚ್ಚಾದರೆ ಮಟ್ಟ ಏರುತ್ತದೆ. ಇದಕ್ಕೆ ಓಟ್ಸ್ ಬೇಡ, ಆ್ಯಪ್ ಬೇಡ. ಆಕೆ ದಿನಾ ಸಂಜೆ ಗಂಡನ ಬುಲೆಟಿನ್ ಓದುತ್ತಾಳೆ: ‘ಒಳಹರಿವು ಮೂರು ರೊಟ್ಟಿ, ಎರಡು ಚಾ, ಒಂದು ಪ್ಲೇಟ್ ಭಜಿ. ಹೊರಹರಿವು, ಗೇಟ್ ಬಂದ್.’ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿತ್ತು. ‘ಡ್ಯಾಮ್ ಏರಸ್ತೀವಿ ಏರಸ್ತೀವಿ ಅಂತ ಹೇಳೂದು ಕೇಳಿ ಕೇಳಿ ಸಾಕಾಗೇದ. ನಮ್ಮನ್ಯಾಗ ನೋಡ್ರಿ, ಯಾರ ಪರವಾನಿಗಿ ಇಲ್ದ ಏರೇದ’ ಎಂಬುದು ಆಕೆಯ ಮಾತು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳಲ್ಲಿ ಕಬ್ಬು ನಿಂತಿತಲ್ಲ, ಮಾಸ್ತರರ ಚಾದ ಬಟ್ಟಲಲ್ಲೂ ಹಾಗೇ ಸಕ್ಕರೆ ನಿಂತಿತು.

ನಡುವೆ ಒಮ್ಮೆ, ಜ್ವರ ಬಂದು ಮಲಗಿದ್ದರಿಂದಲೋ ಏನೋ, ಮಾಸ್ತರರು ನಿಜಕ್ಕೂ ನಾಲ್ಕು ಕಿಲೋ ಇಳಿದರು. ಊರು ಗಾಬರಿಯಾಯಿತು. ‘ಯಾಕ್ರಿ ಸರ, ಸೊರಗೀರಿ? ಶುಗರ್ ಚೆಕ್ ಮಾಡಿಸಿರೇನ್ರಿ?’ ಪೇಟೆಯಲ್ಲಿ ತಡೆದು ನಿಲ್ಲಿಸಿದರು. ಚಾದಂಗಡಿಯವನು ಇನ್ನೂ ಒಂದು ಚಮಚ ಸಕ್ಕರೆ ಹಾಕಿದ. ಅವ್ವ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡಳು. ನಗುವ ಮಾತೇ, ಆದರೆ ಆಕೆ 1972ರ ಬರ ಕಂಡವಳು. ಹೊಟ್ಟೆಗಿಲ್ಲದೆ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವಳು. ಆಕೆಯ ಹಿರಿಯರು 1876ರಿಂದ 78ರವರೆಗಿನ ಮಹಾಬರದ ಕಥೆ ಹೇಳುತ್ತಿದ್ದರು. ಬಿಜಾಪುರ ಸೀಮೆಯಲ್ಲಿ ಊರಿಗೆ ಊರೇ ಬರಿದಾದ ಕಾಲವದು. ಮೈ ಇಳಿಯುವುದು ಎಂದರೆ ಏನೆಂದು ಬಲ್ಲ ಮನೆಯಲ್ಲಿ, ಕಣಜ ತುಂಬಿರುವಾಗ ಬೇಕೆಂದೇ ಮೈ ಇಳಿಸುತ್ತೇನೆ ಎನ್ನುವ ಮಗನಿಗೆ ಏನು ಉತ್ತರ ಕೊಡಬೇಕು? ಆ ವರ್ಷದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದವಳು ಮಗನ ತಾಟಿಗೆ ಸಜ್ಜೆ ಕಡುಬು ಎಣಿಸದೆ ಬಡಿಸಿದಳು. ನಾಲ್ಕೂ ಕಿಲೋ ಮನೆಗೆ ಮರಳಿದವು.

ಕಡೆಯ ಅಸ್ತ್ರ ಶ್ರೀಶೈಲ. ಯುಗಾದಿಗೆ ಮುಂಚೆ ಈ ಭಾಗದಿಂದ ಸಾವಿರಾರು ಜನ ಮಲ್ಲಯ್ಯನ ಹೆಸರು ಹೇಳುತ್ತ, ಕೆಲವರು ಮರಗಾಲು ಕಟ್ಟಿಕೊಂಡು ಕೂಡ, ನಡೆದೇ ಹೋಗುತ್ತಾರೆ. ಮುದ್ದೇಬಿಹಾಳದ ಹಳೆಯ ಗೆಳೆಯರು ಹೊರಟಿದ್ದರು. ಮಾಸ್ತರರು ಗಳಿಕೆ ರಜೆ ಬರೆದು, ಪರೀಕ್ಷೆಯ ಹೊತ್ತಿನಲ್ಲಿ ಮುಖ್ಯಗುರುಗಳಿಂದ ಬೈಸಿಕೊಂಡು ಸೇರಿಕೊಂಡರು. ನಡೆದರು, ಅದನ್ನು ಒಪ್ಪಲೇಬೇಕು. ರಾಯಚೂರು ದಾಟಿದರು, ಕರ್ನೂಲು ದಾಟಿದರು, ನಾಗಲೂಟಿಯ ಮೆಟ್ಟಿಲು ಹತ್ತಿದರು, ಭೀಮನಕೊಳ್ಳದ ಏರಿನಲ್ಲಿ ಕುಂಟುತ್ತ ಮಲ್ಲಯ್ಯನಿಗೇ ಬೈದರು. ಅಂಗಾಲಿನ ಬೊಕ್ಕೆಗಳ ಫೋಟೋ ಗುಂಪಿಗೆ ಬಂತು, ಈ ಸಲ ಮೊಮ್ಮಗನ ಸಹಾಯವಿಲ್ಲದೆ. ಆದರೆ ದಾರಿಯ ಪ್ರತಿ ಊರಿನಲ್ಲಿ ಭಕ್ತರು ಪೆಂಡಾಲು ಹಾಕಿ ಕಾದಿರುತ್ತಾರೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಸಜ್ಜಕ, ಸಂಜೆ ಬಿಸಿ ಭಜಿ, ರಾತ್ರಿ ಬುಂದಿ. ಪಾದಯಾತ್ರಿಯ ಕೈಗೆ ಹಾಕಿದ ಪ್ರಸಾದವನ್ನು ಬೇಡ ಅನ್ನುವಂತಿಲ್ಲ.

ಮರಳಿದ ಮರುದಿನವೇ ಅಡತಿ ಅಂಗಡಿಗೆ ಹೋದರು. ಮನೆಯ ಯಂತ್ರದ ಮೇಲೆ ಅವರಿಗೆ ನಂಬಿಕೆಯಿಲ್ಲ, ಸರ್ಕಾರಿ ಮುದ್ರೆ ಬಿದ್ದ ಕಾಟಾ ಬೇಕು. ಚಪ್ಪಲಿ ಬಿಟ್ಟರು, ಬೆಲ್ಟು ಬಿಚ್ಚಿದರು, ಮೊಬೈಲು, ಕೀಲಿಗೊಂಚಲು, ಚಾಳೀಸು ತೆಗೆದು ಗುಮಾಸ್ತನ ಮೇಜಿಗಿಟ್ಟರು. ಹತ್ತಿ ನಿಂತು ಕಣ್ಣು ಮುಚ್ಚಿಕೊಂಡರು. ಹಮಾಲ ಓದಿದ: ‘ತೊಂಬತ್ಮೂರೂವರಿ.’

‘ಚೀಲದ ತೂಕ ಕಳದೀ ಏನಪಾ?’ ಎಂದರು ಮಾಸ್ತರರು, ಅಂಗಿಯ ಚುಂಗು ಹಿಡಿದು ತೋರಿಸುತ್ತ.

ಹಮಾಲನಿಗೆ ಐವತ್ತೈದು ಕಿಲೋ ಇದ್ದರೆ ಹೆಚ್ಚು. ಬೆಳಗಿನಿಂದ ಲಾರಿಗೆ ಚೀಲ ಏರಿಸುತ್ತಿದ್ದವನ ಬೆನ್ನ ಮೇಲೆ ಧೂಳು ಬೆವರಿಗೆ ಹತ್ತಿ ಗೆರೆಗೆರೆಯಾಗಿತ್ತು. ಸೊಂಟಕ್ಕೆ ಕಟ್ಟಿದ ವಸ್ತ್ರದ ಗಂಟಿನಲ್ಲಿ ರೊಟ್ಟಿಯ ಅಂಚು ಕಾಣುತ್ತಿತ್ತು. ಅವನು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದ, ಅಂಗಿಯನ್ನೂ ನೋಡಿದ, ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

‘ಇಳೀರಿ ಸರ’ ಎಂದ. ‘ಹಿಂದ ಜ್ವಾಳದ ಚೀಲ ನಿಂತಾವ.’