ಸ್ಥಗಿತತೂಕ ಮೀಮಾಂಸೆ

ಬೊಜ್ಜಿಳಿಸುವ ಶಾಸ್ತ್ರದಲ್ಲಿ ಮೊದಲ ತಿಂಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿಲ್ಲ. ತೂಕ ಇಳಿಯುತ್ತದೆ, ಬೆಲ್ಟಿಗೆ ಹೊಸ ತೂತು ಬೀಳುತ್ತದೆ, ಸಾಧಕನು ಕೇಳದವರಿಗೂ ಸಿರಿಧಾನ್ಯದ ಮಹಿಮೆ ಬೋಧಿಸತೊಡಗುತ್ತಾನೆ. ವಿವಾದವೆಲ್ಲ ಆಮೇಲಿನ ಕಾಲಘಟ್ಟದ್ದು. ಅಂಕಿಯೊಂದು ಯಂತ್ರದ ಮೇಲೆ ಪಟ್ಟಾಗಿ ಕೂತು ವಾರಗಟ್ಟಲೆ ಕದಲದ ಈ ಅವಸ್ಥೆಯನ್ನು ಪ್ರಸ್ತುತ ಪ್ರಬಂಧವು ‘ಸ್ಥಗಿತತೂಕ’ ಎಂದು ಕರೆಯುತ್ತದೆ. ಲಾಲ್‌ಬಾಗಿನ ಮುಂಜಾವಿನ ವಿದ್ವತ್ಸಭೆಯಲ್ಲಿ ‘ಯಾಕೋ ಇಳೀತಾನೇ ಇಲ್ಲ ಸಾರ್’ ಎಂಬ ರೂಪವೂ ಬಳಕೆಯಲ್ಲಿದೆ.

ಮೊದಲು ಪಾಠನಿರ್ಣಯ. ದೇಹ ಒಂದೇ, ಯಂತ್ರ ಒಂದೇ. ಆದರೆ ಬಚ್ಚಲಮನೆಯ ಟೈಲ್ಸಿನ ಮೇಲೆ ಒಂದು ಪಾಠ, ನಡುಮನೆಯಲ್ಲಿ ಇನ್ನೊಂದು, ಗೋಡೆಗೆ ಕೈಯೂರಿ ನಿಂತರೆ ಮೂರನೆಯದು. ಕಠಿಣಪಾಠವೇ ಮೂಲಪಾಠವಿರಬಹುದೆಂದು ಗ್ರಂಥಸಂಪಾದನಶಾಸ್ತ್ರ ಹೇಳುತ್ತದೆ. ಸಾಧಕರು ಲಘುಪಾಠವನ್ನೇ ಅಂಗೀಕರಿಸಿ, ಉಳಿದೆರಡನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುತ್ತಾರೆ. ಮೂರೂ ಭಾರವಾಗಿ ಬಂದರೆ ಅದು ಬ್ಯಾಟರಿಯ ಸ್ಖಾಲಿತ್ಯ.

ಈ ಪರಂಪರೆಯ ಆದಿಗುರು ಪಾದುವಾದ ವೈದ್ಯ ಸಾಂತೋರಿಯೊ. ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಉಂಡು, ಒಳಹೋದದ್ದನ್ನೂ ಹೊರಬಂದದ್ದನ್ನೂ ತೂಗಿ 1614ರಲ್ಲಿ ಗ್ರಂಥ ಪ್ರಕಟಿಸಿದ ಮಹಾನುಭಾವ. ಲೆಕ್ಕಕ್ಕೆ ಸಿಗದ ತೂಕವು ಕಣ್ಣಿಗೆ ಕಾಣದ ಬೆವರಾಗಿ ಹೋಯಿತೆಂದು ಅವನು ತೀರ್ಮಾನಿಸಿದ. ನಮ್ಮವರ ತೊಡಕು ಇದರ ತಿರುಗುಮುರುಗು: ಕಣ್ಣಿಗೆ ಕಾಣದ ಊಟ. ದಿನಕ್ಕೆ 1200 ಕ್ಯಾಲೊರಿಯೂ ತಿನ್ನುವುದಿಲ್ಲ, ಆದರೂ ಇಳಿಯುತ್ತಿಲ್ಲ ಎಂದು ಪ್ರಮಾಣ ಮಾಡಿದ ಕೆಲವರನ್ನು ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ವರದಿ ಕೊಟ್ಟರು. ಸರಾಸರಿಯಲ್ಲಿ ತಿಂದದ್ದನ್ನು ಶೇ. 47ರಷ್ಟು ಕಡಿಮೆ, ಓಡಾಡಿದ್ದನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ಸುಳ್ಳರಲ್ಲ, ಪಾಪ, ಮಗು ಬಿಟ್ಟ ಅರ್ಧ ದೋಸೆ ಯಾವ ಕಾಲಮ್ಮಿಗೆ ಸೇರಬೇಕೆಂದು ಯಾರು ಹೇಳಿಕೊಟ್ಟಿದ್ದಾರೆ?

ಇನ್ನು ಪೂರ್ವಪಕ್ಷ: ‘ಮೊದಲ ವಾರದಲ್ಲೇ ಎರಡು ಕೆ.ಜಿ. ಹೋಯಿತು, ಇದೇ ಲೆಕ್ಕದಲ್ಲಿ ಯುಗಾದಿಗೆ ಮದುವೆಯ ಕೋಟು ಹಿಡಿಸಬೇಕಿತ್ತು.’ ಉತ್ತರ: ಹೋದದ್ದರಲ್ಲಿ ಬಹುಪಾಲು ನೀರು. ಯಕೃತ್ತು, ಸ್ನಾಯುಗಳಲ್ಲಿ ದಾಸ್ತಾನಿರುವ ಗ್ಲೈಕೋಜನ್ ಗ್ರಾಮೊಂದಕ್ಕೆ ಸುಮಾರು ಮೂರು ಗ್ರಾಂ ನೀರನ್ನು ಜತೆಗಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ ಕಡಿಮೆಯಾದೊಡನೆ ಇಬ್ಬರೂ ಗಂಟುಮೂಟೆ ಕಟ್ಟುತ್ತಾರೆ. ಬೊಜ್ಜು ಹಳೇ ಬಾಡಿಗೆದಾರ, ನೋಟೀಸಿಗೆಲ್ಲ ಜಗ್ಗುವವನಲ್ಲ.

ಒಂದು ಪೌಂಡ್ ಇಳಿಯಲು 3500 ಕ್ಯಾಲೊರಿ ಎಂಬ ಸೂತ್ರವನ್ನು ವಿಶ್ನೋಫ್ಸ್ಕಿ 1958ರಲ್ಲಿ ಕೊಟ್ಟ. ಶಿಷ್ಯಕೋಟಿ ಅದನ್ನು ಗುಣಿಸುತ್ತಾ ಹೋಗಿ, ಕಾಗದದ ಮೇಲೆ ತಮ್ಮ ದೇಹವನ್ನೇ ಅದೃಶ್ಯಗೊಳಿಸಿತು. ಇಳಿದ ದೇಹಕ್ಕೆ ಬೇಕಾಗುವುದೂ ಕಡಿಮೆ ಎಂಬುದನ್ನು ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಲೆಕ್ಕಕ್ಕೆ ತಂದರು: ದಿನಕ್ಕೆ 24 ಕ್ಯಾಲೊರಿ ಕಾಯಮ್ಮಾಗಿ ಬಿಟ್ಟರೆ ಕಟ್ಟಕಡೆಗೆ ಇಳಿಯುವುದು ಒಂದೇ ಕೆ.ಜಿ.; ಅದರಲ್ಲಿ ಅರ್ಧಕ್ಕೆ ಒಂದು ವರ್ಷ, ಹೆಚ್ಚುಕಡಿಮೆ ಪೂರ್ತಿಗೆ ಮೂರು ವರ್ಷ. ಇದೇ ಹಾಲ್‌ರ ಬಳಗದ 2016ರ ಲೆಕ್ಕ ಇನ್ನೂ ಕ್ರೂರ. ಕೆ.ಜಿ. ಒಂದು ಇಳಿದರೆ ದೇಹದ ದಿನದ ಖರ್ಚು 20–30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿ ಏರುತ್ತದೆ. ಮೇಲಾಗಿ, ದಣಿದ ಸಾಧಕನು ತನಗರಿವಿಲ್ಲದೆಯೇ ಕೂತಲ್ಲಿಂದ ‘ಪುಟ್ಟೀ, ಕನ್ನಡಕ ತಂದ್ಕೊಡಮ್ಮ’ ಎನ್ನತೊಡಗಿರುತ್ತಾನೆ. ಅಂಕಿ ನಿಂತಿದೆ ಎಂದರೆ ವ್ರತ ಸೋತಿತೆಂದಲ್ಲ. ಹಳೆಯ ದೇಹಕ್ಕೆ ಹೊಲಿಸಿದ ವ್ರತ ಹೊಸ ದೇಹಕ್ಕೆ ದೊಗಳೆಯಾಗಿದೆ, ಅಷ್ಟೆ.

ಕ್ರಿಯಾಕಾಂಡವು ನೀರಸ; ಆದ್ದರಿಂದಲೇ ಅದಕ್ಕೆ ಭಾಷ್ಯಕಾರರು ಕಡಿಮೆ. ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು, ಒಂದೇ ಜಾಗದಲ್ಲಿ ತೂಗಬೇಕು. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಮಾತ್ರ ಹೋಲಿಸಬೇಕು. ರಾತ್ರಿಯ ಉಪ್ಪಿನಕಾಯಿ ಹಿಡಿದಿಟ್ಟ ನೀರಿಗೆ ಬೆಳಗಿನ ಅಂಕಿಯನ್ನು ಕೆಡಿಸುವಷ್ಟು ಶಕ್ತಿಯಿದೆ. ಬೇಳೆ, ಕಾಳು, ಮೊಟ್ಟೆ ಹೆಚ್ಚಿಸಿ, ವಾರಕ್ಕೆರಡು ಮೂರು ದಿನ ಭಾರ ಎತ್ತಿ ಸ್ನಾಯು ಉಳಿಸಿಕೊಳ್ಳಬೇಕು. ಸೊಂಟಕ್ಕೆ ಟೇಪು ಹಿಡಿಯಬೇಕು. ಮೂರ್ನಾಲ್ಕು ವಾರದ ಸರಾಸರಿಯೂ ಕದಲದಿದ್ದರೆ ಆಗ ತಟ್ಟೆಯ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಇಷ್ಟನ್ನು ಕೇಳಿದ ಶ್ರೋತೃಗಳು ಆಕಳಿಸಿ, ‘ಜೀರಿಗೆ ನೀರು ಒಳ್ಳೇದಂತಲ್ಲ ಸಾರ್?’ ಎನ್ನುವುದು ವಾಡಿಕೆ.

ಕೊನೆಯದು ಶ್ರಾವಣ ಪ್ರಕರಣ. ಸ್ಥಗಿತತೂಕವು ಆಷಾಢದಲ್ಲಿ ಶುರುವಾದವನಿಗೆ ಪಂಚಾಂಗವೇ ಪ್ರತಿವಾದಿ: ನಾಗರಪಂಚಮಿಯ ತಂಬಿಟ್ಟು, ವರಮಹಾಲಕ್ಷ್ಮಿಯ ಒಬ್ಬಟ್ಟು, ಗೋಕುಲಾಷ್ಟಮಿಯ ಚಕ್ಕುಲಿ-ಕೋಡುಬಳೆ, ಅದು ಮುಗಿಯುವಷ್ಟರಲ್ಲಿ ಗಣಪತಿಯ ಕಡುಬು. ಉಗ್ರಸಂಪ್ರದಾಯದವರು ಒಬ್ಬಟ್ಟನ್ನು ಮುಟ್ಟುವುದಿಲ್ಲ. ಮರುವಾರ ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬೆಳಕಿನಲ್ಲಿ ಸಿಕ್ಕಿಬೀಳುತ್ತಾರೆ. ‘ಹೇಗೂ ಕೆಟ್ಟಿತು’ ವಾದಿಗಳು ಒಂದು ತಿಂದೊಡನೆ ವ್ರತಭಂಗ ಘೋಷಿಸಿ ದೀಪಾವಳಿಯವರೆಗೂ ನಿಲ್ಲಿಸುವುದಿಲ್ಲ. ಒಂದು ತಿಂದು, ಮರುದಿನ ಎಂದಿನ ತಟ್ಟೆಗೆ ಮರಳುವವರೂ ಉಂಟು. ಅವರ ತೂಕ ಇಳಿಯುತ್ತದೆ. ಆದರೆ ಅವರು ಪಾರ್ಕಿನಲ್ಲಿ ಉಪನ್ಯಾಸ ಕೊಡುವುದಿಲ್ಲವಾದ್ದರಿಂದ ವಾಙ್ಮಯದಲ್ಲಿ ಉಲ್ಲೇಖ ವಿರಳ.

‘ತುಪ್ಪ ಹಾಕ್ಕೊಂಡ್ರೆ ಒಬ್ಬಟ್ಟು ತಾನೇ ಕರಗತ್ತೆ ಕಣೋ’ ಎಂಬ ದೊಡ್ಡಮ್ಮನ ಸೂತ್ರವೊಂದು ಇತ್ಯರ್ಥವಾಗದೆ ಉಳಿದಿದೆ. ಎರಡು ಚಮಚವೆಂದರೆ ಹತ್ತು ಗ್ರಾಂ, ಗ್ರಾಮಿಗೆ 9ರಂತೆ 90 ಕ್ಯಾಲೊರಿ ಎಂದು ಪ್ರಸ್ತುತ ಲೇಖಕನು ಎಲೆಯ ಮುಂದೆಯೇ ಖಂಡನೆ ಮಂಡಿಸಿದನು. ದೊಡ್ಡಮ್ಮ ಮೂರನೆಯ ಚಮಚ ಬಡಿಸಿ ಮುಂದಿನ ಎಲೆಗೆ ಹೋದರು.